ಕೈ ಜೋಮು ಹಿಡಿದರೆ ಮುಚ್ಚಿಡಬೇಡಿ



ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿ ಇಲ್ಲಿ ದುಬೈನಲ್ಲಿ ಲೆಕ್ಕ ಬರೆಯುವವನು. ಆದರೆ ರಜೆ ಅರ್ಜಿ, ಇನ್ಶೂರೆನ್ಸ್ ಕಾಗದ ಹಿಡಿದು ಬರುವವರ ಬಾಯಲ್ಲಿ ಒಂದೇ ಮಾತು ಕೇಳ್ತಾ ಇರ್ತೀನಿ: "ಅಣ್ಣಾ, ರಾತ್ರಿಯೆಲ್ಲ ಕೈ ಜೋಮು. ಕಂಪನಿಗೆ ಗೊತ್ತಾದ್ರೆ ಊರಿಗೆ ಕಳಿಸ್ತಾರೇನೋ." ಆ ಭಯಕ್ಕೆ ತಿಂಗಳುಗಟ್ಟಲೆ ಬಾಮ್ ತಿಕ್ಕಿಕೊಂಡು ಸುಮ್ಮನಿರ್ತಾರೆ. ನಿಜವಾದ ನಷ್ಟ ಆಗೋದು ಅಲ್ಲೇ.

ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅಂತಾರೆ. ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ದಾರಿ ಇದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಅದರೊಳಗೇ ಹೋಗಬೇಕು. ಕಂಬಿ ಕಟ್ಟುವುದು, ಡ್ರಿಲ್ಲಿಂಗ್, ಕ್ಲೀನಿಂಗ್, ಅಡುಗೆಮನೆಯ ಕೆಲಸ, ಹೀಗೆ ಬಿಗಿಯಾಗಿ ಹಿಡಿದು ಮಾಡುವ ಕೆಲಸಗಳಿಂದ ಅಲ್ಲಿ ಬಾವು ಬಂದರೆ ನರ ಅದುಮುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಸಿರು ಇದ್ದವರಿಗೂ ಬರಬಹುದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಕಿರುಬೆರಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಾತ್ರಿ ಎಚ್ಚರವಾಗಿ ಕೈ ಕೊಡವಿದರೆ ಸ್ವಲ್ಪ ಹಾಯೆನಿಸುತ್ತದೆ.

ಎಲ್ಲರಿಗೂ ಆಪರೇಷನ್ ಬೇಕಾಗಿಲ್ಲ. ತೊಂದರೆ ಶುರುವಿನಲ್ಲಿದ್ದರೆ ಮೊದಲು ಮಾಡುವುದು ಎರಡು. ಒಂದು, ಮಣಿಕಟ್ಟನ್ನು ನೇರವಾಗಿ ಹಿಡಿಯುವ ಸ್ಪ್ಲಿಂಟ್ ಪಟ್ಟಿ. ಮೆಡಿಕಲ್ ಶಾಪ್‌ನಲ್ಲೇ ಸಿಗುತ್ತದೆ. ರಾತ್ರಿ ಕಟ್ಟಿಕೊಂಡು ಮಲಗಿ, 6 ವಾರ ಬಿಡದೆ ಮಾಡಿ.

ಎರಡನೆಯದು ವ್ಯಾಯಾಮ. ಮಣಿಕಟ್ಟು ನೇರ ಇರಲಿ.

1. ಬೆರಳೆಲ್ಲ ನೆಟ್ಟಗೆ ಮೇಲಕ್ಕೆ.
2. ಬುಡ ನೇರವಿಟ್ಟು, ಮೇಲಿನ ಎರಡು ಗೆಣ್ಣು ಮಾತ್ರ ಮಡಚಿ, ಕೊಕ್ಕೆಯ ಹಾಗೆ.
3. ಪೂರ್ತಿ ಮುಷ್ಟಿ.
4. ಬುಡದಲ್ಲಿ ಮಾತ್ರ ಬಗ್ಗಿಸಿ, ಬೆರಳು ನೇರ, ಮೇಜಿನ ಹಾಗೆ.
5. ಬೆರಳ ತುದಿ ನೇರವಿಟ್ಟು ಅಂಗೈಗೆ ತಾಗಿಸಿ.

ಒಂದೊಂದರಲ್ಲೂ 5 ಸೆಕೆಂಡ್ ನಿಲ್ಲಿಸಿ, ಪ್ರತಿ ಸಲ ನೆಟ್ಟಗಿನ ಸ್ಥಿತಿಗೆ ವಾಪಸ್ ಬನ್ನಿ. ಹೀಗೆ 10 ಸುತ್ತು, ದಿನಕ್ಕೆ 2-3 ಸಲ. ಜೋಮು ಹೆಚ್ಚಾದರೆ ತಕ್ಷಣ ನಿಲ್ಲಿಸಿ. ನರವನ್ನು ಜಾರಿಸುವ ವ್ಯಾಯಾಮ, ಮಣಿಕಟ್ಟಿನ ಮೂಳೆಗಳನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ ಕೂಡ ಇವೆ. ಅವನ್ನು ಫಿಸಿಯೋಥೆರಪಿಸ್ಟ್ ಹತ್ತಿರವೇ ಕಲಿಯಿರಿ, ವಿಡಿಯೋ ನೋಡಿ ಕೈ ಎಳೆದುಕೊಳ್ಳಬೇಡಿ.

ಲೆಕ್ಕ ನೇರವಾಗಿ ಹೇಳ್ತೀನಿ. 2012ರಲ್ಲಿ ಕಾಕ್ರೇನ್ ಸಂಸ್ಥೆ ಈ ವ್ಯಾಯಾಮಗಳ ಮೇಲಿನ 16 ಅಧ್ಯಯನಗಳನ್ನು, ಒಟ್ಟು 741 ರೋಗಿಗಳದ್ದು, ಪರಿಶೀಲಿಸಿತು. ಸಿಕ್ಕ ಪುರಾವೆ ಕಮ್ಮಿ, ಗುಣಮಟ್ಟವೂ ಗಟ್ಟಿಯಿಲ್ಲ ಅಂತ ತೀರ್ಮಾನಿಸಿತು. ಅಂದರೆ ಇದು ರಾಮಬಾಣ ಅಲ್ಲ. ಖರ್ಚಿಲ್ಲ ಅಂತ ಮಾಡಿ ನೋಡಬಹುದು, ಆದರೆ ಇದನ್ನೇ ನಂಬಿ ಡಾಕ್ಟರನ್ನು ಮುಂದೂಡಬೇಡಿ.

ಜೋಮು ಹಗಲೂ ರಾತ್ರಿ ಬಿಡದಿದ್ದರೆ, ಕೈಯಿಂದ ಲೋಟ ಜಾರಿದರೆ, ಗುಂಡಿ ಹಾಕಲಾಗದಿದ್ದರೆ, ಹೆಬ್ಬೆರಳ ಬುಡದ ಮಾಂಸ ಇಳಿದು ಚಪ್ಪಟೆಯಾದರೆ 6 ವಾರ ಕಾಯುವ ಮಾತೇ ಇಲ್ಲ. ಒಣಗಿದ ಸ್ನಾಯು ಆಮೇಲೆ ಪೂರ್ತಿ ವಾಪಸ್ ಬರದೇ ಹೋಗಬಹುದು. ಆಗ ಇಂಜೆಕ್ಷನ್ನೋ, ಆಪರೇಷನ್ನೋ ಡಾಕ್ಟರ್ ಹೇಳಲಿ.

ಇನ್ನು ರಜೆಯ ಭಯ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ, ಖಾಸಗಿ ಕಂಪನಿಯಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಕಾಯಿಲೆ ರಜೆ ಇದೆ: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದ 45 ದಿನ ಸಂಬಳವಿಲ್ಲ. 3 ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಿ, ಮೆಡಿಕಲ್ ರಿಪೋರ್ಟ್ ಕೊಡಬೇಕು. ಅದರ ನಕಲು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಲೆಕ್ಕದಲ್ಲಿ ಜಾಗ ಇಲ್ಲ.

ಊರಿಗೆ ಹೋಗುವ ದುಡ್ಡು ಈ ಕೈಯಿಂದಲೇ ಬರಬೇಕು. ರೂಮಿನಲ್ಲಿ ಯಾರಾದರೂ ರಾತ್ರಿ ಎದ್ದು ಕೈ ಕೊಡವುತ್ತಿದ್ದರೆ ಅವರಿಗೂ ಇಷ್ಟನ್ನು ಹೇಳಿ.