ರುಚಿ ನೋಡಿ ಆಡುವ ಮಾತು
(ಧರ್ಮಕೇಂದ್ರದ ಹಬ್ಬದ ನವೇನಾ: ಕುಟುಂಬಗಳ ದಿನದ ಪ್ರಬೋಧನೆ)



ಕಾನಾ ಊರಿನ ಮದುವೆ ಎಂದಾಕ್ಷಣ ನಮ್ಮ ನೆನಪಿಗೆ ಬರುವುದು ಮಾತೆ ಮರಿಯಮ್ಮನವರು ಮತ್ತು ನೀರು ತುಂಬಿದ ಆರು ಬಾನಿಗಳು. ಅದೇ ಶುಭಸಂದೇಶದಲ್ಲಿ ಇನ್ನೊಬ್ಬನಿದ್ದಾನೆ: ಔತಣದ ಮೇಲ್ವಿಚಾರಕ. ದ್ರಾಕ್ಷಾರಸ ಎಲ್ಲಿಂದ ಬಂತೆಂದು ಅವನಿಗೆ ತಿಳಿಯದು. ಮೊದಲು ರುಚಿ ನೋಡುತ್ತಾನೆ. ಆಮೇಲೆ ಮದುಮಗನನ್ನು ಕರೆದು ಹೊಗಳುತ್ತಾನೆ. ಈ ಕ್ರಮವನ್ನು ಇಂದು ಧ್ಯಾನಿಸೋಣ.

ಇತ್ತೀಚೆಗೆ ನಮ್ಮ ಅಲ್ಲಾಳಸಂದ್ರದ ಹಿರಿಯ ದಂಪತಿಯೊಬ್ಬರ ಮದುವೆಗೆ ಐವತ್ತು ವರ್ಷ ತುಂಬಿತು. ಬೆಳಿಗ್ಗೆ ಕೃತಜ್ಞತಾ ಬಲಿಪೂಜೆ. ರಾತ್ರಿ ಮಕ್ಕಳು ಎಲ್ಲರನ್ನೂ ಹೆಸರುವಾಸಿ ಹೋಟೆಲೊಂದಕ್ಕೆ ಕರೆದೊಯ್ದರು, ನನ್ನನ್ನೂ ಬಿಡಲಿಲ್ಲ. ಎಂಟಕ್ಕೆ ಕಾದಿರಿಸಿದ್ದ ಮೇಜು ಸಿಕ್ಕಿದ್ದು ಒಂಬತ್ತೂ ಕಾಲಿಗೆ. ಸೂಪು ತಣ್ಣಗಿತ್ತು. ಬಿರಿಯಾನಿಯ ಮೇಲೆ ಅಲಂಕಾರವಿತ್ತು, ಒಳಗೆ ಅಕ್ಕಿ ಬೆಂದಿರಲಿಲ್ಲ. ರೊಟ್ಟಿಯನ್ನು ಅಜ್ಜಿಗೆ ಅಗಿಯಲಾಗಲಿಲ್ಲ. ಬಿಲ್ಲು ಮಾತ್ರ ಬಿಸಿಬಿಸಿಯಾಗಿ ಬಂತು!

"ಈ ಹೋಟೆಲು ಹೇಳಿದ್ದು ಯಾರಪ್ಪಾ?" ಎಂದು ತಾತ ಕೇಳಿದರು. ಮಗ ಭಾವನ ಮುಖ ನೋಡಿದ. "ಆಫೀಸಿನಲ್ಲಿ ಎಲ್ಲಾ ಹೇಳ್ತಾರೆ ಮಾವ" ಎಂದರು ಅಳಿಯ. ಮೊಮ್ಮಗಳು ಮೊಬೈಲು ತೋರಿಸಿದಳು: "ನಾಲ್ಕೂವರೆ ಸ್ಟಾರ್ ಇದೆ ತಾತ." ಹತ್ತು ಜನರಲ್ಲಿ ಒಬ್ಬರೂ ಅಲ್ಲಿ ಹಿಂದೆ ಉಂಡವರಲ್ಲ. ಕೊನೆಗೆ ಸಿಟ್ಟೆಲ್ಲ ಬಡಿಸಿದ ಹುಡುಗನ ಮೇಲೆ ಬಿತ್ತು. ಅವನೋ ಅಡುಗೆ ಮಾಡಿದವನೂ ಅಲ್ಲ, ಹೊಗಳಿದವನೂ ಅಲ್ಲ.

ಹೆಸರು ಗಳಿಸುವ ಬಗೆಗೆ ನಮ್ಮ ಬೆಂಗಳೂರಿನಲ್ಲೇ ಒಂದು ಉದಾಹರಣೆ ಇದೆ. ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮೆಲ್ಲರ ಬಾಯಲ್ಲಿ ಎಂಟಿಆರ್, 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ ಸಣ್ಣ ಹೋಟೆಲಿನಿಂದ ಬೆಳೆದದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿ ಬಂದು, ಅಲ್ಲಿನ ಶುಚಿತ್ವವನ್ನು ಇಲ್ಲಿಗೂ ತಂದರು. ತಿನ್ನಲು ಬಂದವರು ಅಡುಗೆಮನೆಯನ್ನೇ ಕಣ್ಣಾರೆ ನೋಡಬಹುದಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ಬೆಲೆಯನ್ನು ತೀರಾ ಇಳಿಸಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಬಾಗಿಲು ಮುಚ್ಚಿದರು. ಮತ್ತೆ ತೆರೆದದ್ದು 1984ರಲ್ಲಿ. ಅಷ್ಟು ವರ್ಷಗಳ ನಂತರವೂ ಜನ ಹುಡುಕಿಕೊಂಡು ಬಂದರು. ಬಾಯಿಂದ ಬಾಯಿಗೆ ಹರಡಿದ ಆ ಹೊಗಳಿಕೆಯ ಹಿಂದೆ ತಿಂದವರ ಅನುಭವವಿತ್ತು.

ಪ್ರಿಯರೇ, ಒಂದು ಊಟ ಕೆಟ್ಟರೆ ಮರುದಿನ ಮನೆಯ ಮುದ್ದೆ-ಸಾರು ಅದನ್ನು ಮರೆಸುತ್ತದೆ. ಆದರೆ ಇದೇ ನಾಲಿಗೆಯಿಂದ ನಾವು "ಹುಡುಗ ಅಪರಂಜಿ" ಎಂದು ಸಂಬಂಧ ಹೇಳುತ್ತೇವೆ. "ಆ ಚೀಟಿಗೆ ಧೈರ್ಯವಾಗಿ ಕಟ್ಟಿ" ಎಂದು ಪಕ್ಕದ ಮನೆಯ ತಾಯಿಗೆ ಹೇಳುತ್ತೇವೆ. ನೋಡಿಲ್ಲ, ವಿಚಾರಿಸಿಲ್ಲ; ಯಾರೋ ಅಂದರು, ನಾವೂ ಅಂದೆವು. ಮಾತು ಸುಳ್ಳಾದ ದಿನ ಕಣ್ಣೀರು ಹಾಕುವವರು ನಮ್ಮನ್ನು ನಂಬಿದವರು. ಸುಳ್ಳು ಸಾಕ್ಷಿಯ ಕುರಿತಾದ ದೇವರ ಕಟ್ಟಳೆ ನ್ಯಾಯಾಲಯದ ಕಟಕಟೆಗೆ ಎಷ್ಟು ಅನ್ವಯವೋ ಇಂಥ ಮಾತುಗಳಿಗೂ ಅಷ್ಟೇ ಅನ್ವಯ.

ಆದ್ದರಿಂದ ಈ ಹಬ್ಬಕ್ಕೆ ಒಂದು ಸಣ್ಣ ಸಂಕಲ್ಪ ಮಾಡೋಣ. ಕಂಡದ್ದನ್ನು "ಕಂಡಿದ್ದೇನೆ" ಎನ್ನೋಣ. ಕೇಳಿದ್ದನ್ನು "ಬರೀ ಕೇಳಿದ್ದೇನೆ, ನೀವೇ ವಿಚಾರಿಸಿ" ಎನ್ನೋಣ. ಊಟ ಸರಿಯಿಲ್ಲದಿದ್ದರೆ ಮ್ಯಾನೇಜರನ್ನು ಕರೆದು ತಗ್ಗಿದ ದನಿಯಲ್ಲಿ ಹೇಳೋಣ. ಬಡಿಸುವ ಮಕ್ಕಳನ್ನು ಬೈಯುವುದು ಬೇಡ. ಕಾನಾದಲ್ಲಿ ಬಾನಿಗಳಿಗೆ ನೀರು ತುಂಬಿದವರೂ ಸೇವಕರೇ; ಆ ದ್ರಾಕ್ಷಾರಸದ ಗುಟ್ಟು ಗೊತ್ತಿದ್ದದ್ದೂ ಅವರಿಗೇ.

ದ್ರಾಕ್ಷಾರಸ ಮುಗಿದದ್ದನ್ನು ಕಂಡಾಗ ಮರಿಯಮ್ಮನವರು ಅದನ್ನು ಪಂಕ್ತಿಯಲ್ಲಿ ಕುಳಿತವರಿಗೆಲ್ಲ ಸಾರಲಿಲ್ಲ. ಕೊರತೆಯನ್ನು ನೀಗಿಸಬಲ್ಲ ತಮ್ಮ ಮಗನಿಗೆ ಹೇಳಿದರು. ಹೊಗಳುವಾಗಲೂ ದೂರುವಾಗಲೂ ಅಂಥ ವಿವೇಕ ನಮ್ಮ ನಾಲಿಗೆಗೆ ದೊರಕಲೆಂದು ಆ ತಾಯಿ ನಮಗಾಗಿ ಪ್ರಾರ್ಥಿಸಲಿ. ಆಮೆನ್.