ಮುಖ ನೋಡಿ ಮಾತು ಅರಿತ ಕಲಾವಿದ
(ಹಿಂದೂಪುರದ ರಥೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಚಿತ್ರಗಳನ್ನು ನೋಡಿದ ನಮ್ಮ ಗಡಿನಾಡಿನವರಿಗೆ ಟಿ. ಎನ್. ಬಾಲಕೃಷ್ಣ ಅವರ ಪರಿಚಯ ಬೇಕಿಲ್ಲ. ಅರಸೀಕೆರೆಯವರಾದ ಅವರಿಗೆ ಎಳವೆಯಲ್ಲೇ ಕಿವಿ ಕೇಳದಾಯಿತು. ಆದರೂ ರಂಗಭೂಮಿಯಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದರು. ಎದುರಿನ ನಟರ ತುಟಿಯ ಚಲನೆ ನೋಡಿಕೊಂಡೇ ತಮ್ಮ ಮಾತನ್ನು ಸರಿಯಾದ ವೇಳೆಗೆ ಎತ್ತಿಕೊಳ್ಳುತ್ತಿದ್ದರು. ಹಾಸ್ಯವಾಗಲಿ, ಖಳನಾಗಲಿ, ತಂದೆಯಾಗಲಿ, ಯಾವ ಪಾತ್ರವೂ ಸೊರಗಲಿಲ್ಲ. 1960ರಲ್ಲಿ ‘ರಣಧೀರ ಕಂಠೀರವ’ ತೆಗೆಯಲು ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಅವರೊಡನೆ ಹೆಗಲು ಕೊಟ್ಟರು. 1995ರಲ್ಲಿ ಕಾಲವಾದರು.

ಈ ಮಾತು ಏಕೆ ಎತ್ತಿದೆನೆಂದರೆ, ಕಲ್ಯಾಣದುರ್ಗದ ನಮ್ಮ ಮನೆಯಲ್ಲಿ ತಂದೆಯವರಿಗೂ ಕೊನೆಗಾಲದಲ್ಲಿ ಕಿವಿ ಕೇಳುತ್ತಿರಲಿಲ್ಲ. ನಾನು ಬೇಸರದಿಂದ ಬೇರೆ ಕಡೆ ಮುಖ ಮಾಡಿಕೊಂಡೇ ಉತ್ತರ ಕೊಡುತ್ತಿದ್ದೆ. ಬಾಲಕೃಷ್ಣ ಅವರ ವಿಷಯ ತಿಳಿದಾಗ ನನ್ನ ತಪ್ಪು ಅರಿವಾಯಿತು. ಅಷ್ಟು ಹೊತ್ತಿಗೆ ತಂದೆಯವರು ಇರಲಿಲ್ಲ.

ಮಹನೀಯರೇ, ದೇವರ ಎದುರು ನಿಂತು ಕೈಮುಗಿಯುತ್ತೇವೆ. ಮನೆಯ ಹಿರಿಯರಿಗೂ ಎದುರಾಗಿ ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಮಾತನಾಡೋಣ. ಅದೂ ಒಂದು ಸೇವೆಯೇ.

ಸ್ವಾಮಿಯು ಸರ್ವರಿಗೂ ಸನ್ಮಂಗಳವನ್ನುಂಟುಮಾಡಲಿ.