ಓದುವವರನ್ನ ನಿಲ್ಲಿಸದೆ ಬರೆಯೋದು ಹೇಗೆ? ಲಿನಕ್ಸ್ ಕರ್ನಲ್ ಮತ್ತು ಆರ್‌ಸಿಯು

(ಕೊಂಡಾಪುರದಲ್ಲಿ ರೆಕಾರ್ಡ್ ಮಾಡಿದ ವಿಡಿಯೊ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಹೋದ ಸಲ ಸ್ಪಿನ್‌ಲಾಕ್ ಬಗ್ಗೆ ಮಾತಾಡಿದ್ವಿ. ಇವತ್ತು ಅದರ ಮುಂದಿನ ಮೆಟ್ಟಿಲು. ಒಂದೇ ಮಾಹಿತಿಯನ್ನ ತುಂಬಾ ಜನ ಒಟ್ಟಿಗೆ ಓದ್ತಾ ಇರ್ತಾರೆ. ಯಾವಾಗಲೋ ಒಮ್ಮೆ ಒಬ್ಬ ಬಂದು ಅದನ್ನ ಬದಲಾಯಿಸಬೇಕು. ಓದುವವರನ್ನ ತಡೆಯದೆ ಆ ಬದಲಾವಣೆ ಮಾಡೋದು ಹೇಗೆ? ಕರ್ನಲ್ ಒಳಗೆ ಈ ಪ್ರಶ್ನೆ ಪ್ರತಿ ಕ್ಷಣ ಏಳ್ತಾನೇ ಇರುತ್ತೆ.

ಮೊದಲು ಒಂದು ಮನೆ ಕಥೆ ಹೇಳ್ತೀನಿ. ನಾನು ಬೀದರ್ ಕಡೆಯವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದ ಮೇಲೆ ಕೊಂಡಾಪುರದಲ್ಲೇ ಮೂರು ಬಾಡಿಗೆ ಮನೆ ನೋಡಿದ್ದೀನಿ. ಎರಡನೇ ಮನೆಗೆ ಹೋದ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಹೊಸ ವಿಳಾಸ ಹಾಕಿ, ಹಳೆ ಮನೆ ಬೀಗದ ಕೈ ಓನರ್‌ಗೆ ಕೊಟ್ಟು, ಆರಾಮಾಗಿ ಆಫೀಸಿಗೆ ಹೋದೆ. ಅಮ್ಮ ಮಾತ್ರ ಅವತ್ತು ಬೆಳಿಗ್ಗೆನೇ, ನನಗೆ ಹೇಳದೆ, ಬೀದರಿನಲ್ಲಿ ಬಸ್ ಹತ್ತಿಬಿಟ್ಟಿದ್ರು. ಕೈಯಲ್ಲಿ ಹಳೆ ವಿಳಾಸದ ಚೀಟಿ. ಜಹೀರಾಬಾದ್ ದಾಟೋ ಹೊತ್ತಿಗೆ ಫೋನಿನ ಬ್ಯಾಟರಿ ಖಾಲಿ. ಲಿಂಗಂಪಲ್ಲಿಯಲ್ಲಿ ಇಳಿದು, ಆಟೊ ಹಿಡಿದು, ಬೊಟಾನಿಕಲ್ ಗಾರ್ಡನ್ ಹತ್ತಿರದ ಆ ಹಳೆ ಮನೆಗೆ ಸರಿಯಾಗಿ ತಲುಪಿದ್ದಾರೆ. ಬಾಗಿಲು ತೆಗೆದವನು ಪೇಂಟರ್. ಅಮ್ಮನಿಗೆ ಅವನ ತೆಲುಗು ತಿಳೀಲಿಲ್ಲ, ಅವನಿಗೆ ಅಮ್ಮನ ಕನ್ನಡ ತಿಳೀಲಿಲ್ಲ. ಜೋಳದ ರೊಟ್ಟಿ ಗಂಟು ಮಡಿಲಲ್ಲಿ ಇಟ್ಕೊಂಡು ಎರಡು ತಾಸು ಮೆಟ್ಟಿಲ ಮೇಲೆ ಕೂತಿದ್ರು.

ಇಲ್ಲಿ ನನ್ನ ತಪ್ಪು ಏನು? ಹೊಸ ಮನೆ ಸರಿಯಾಗಿ ಸಿದ್ಧ ಮಾಡಿದ್ದೆ. ಹೊಸ ವಿಳಾಸ ಹಂಚಿದ್ದೂ ಸರಿ. ಆಮೇಲೆ ಹೊರಟವರು ಯಾರೂ ದಾರಿ ತಪ್ಪಲ್ಲ. ಆದರೆ ಹಳೆ ವಿಳಾಸ ಹಿಡಿದು ಆಗಲೇ ದಾರಿಯಲ್ಲಿ ಇರುವವರು ಮುಟ್ಟುವ ತನಕ ಹಳೆ ಮನೆ ಬಿಡಬಾರದಿತ್ತು. ಈ ಒಂದು ವಾಕ್ಯ ನೆನಪಿಟ್ಕೊಳ್ಳಿ, ಇವತ್ತಿನ ಪಾಠ ಪೂರ್ತಿ ಅಷ್ಟೇ.

ಹಳೆಯ ಸಮಸ್ಯೆ

ಇದಕ್ಕೆ ರೀಡರ್ಸ್-ರೈಟರ್ಸ್ ಸಮಸ್ಯೆ ಅಂತ ಹೆಸರು. 1971ರಲ್ಲಿ ಕೂರ್ಟ್ವಾ, ಹೇಮನ್ಸ್ ಮತ್ತು ಪಾರ್ನಾಸ್ ಅನ್ನೋ ಮೂವರು ಇದನ್ನ ಒಂದು ಪುಟ್ಟ ಪ್ರಬಂಧದಲ್ಲಿ ಸ್ಪಷ್ಟವಾಗಿ ಇಟ್ಟರು. ನಿಯಮ ಸರಳ: ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಇರಬಹುದು, ಬರೆಯುವವನು ಬಂದರೆ ಅವನೊಬ್ಬನೇ ಇರಬೇಕು. ಓದುವವರಿಗೆ ಮೊದಲ ಆದ್ಯತೆ ಕೊಟ್ಟರೆ ಬರೆಯುವವನು ಬಾಗಿಲಲ್ಲೇ ಕಾಯ್ತಾ ನಿಲ್ಲಬಹುದು. ಬರೆಯುವವನಿಗೆ ಕೊಟ್ಟರೆ ಓದುವವರು ಕಾಯಬೇಕು. ನಮ್ಮ ಕಾಲೇಜು ಪರೀಕ್ಷೆಗಳಲ್ಲಿ ಸೆಮಫೋರ್ ಹಾಕಿ ಬರೆದಿದ್ದು ಇದನ್ನೇ.

ಲಿನಕ್ಸ್‌ನಲ್ಲಿ ಇದರ ನೇರ ರೂಪ ರೀಡರ್-ರೈಟರ್ ಲಾಕ್. ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತೆ, ತುಂಬಾ ಕೋರ್ ಇರುವ ಮೆಷಿನ್‌ನಲ್ಲಿ ಮುಗ್ಗರಿಸುತ್ತೆ. ಯಾಕೆ? ಓದುವವನು ಒಳಗೆ ಬರುವಾಗ "ಒಬ್ಬ ಹೆಚ್ಚಾದ" ಅಂತ ಒಂದು ಎಣಿಕೆ ಏರಿಸಬೇಕು, ಹೋಗುವಾಗ ಇಳಿಸಬೇಕು. ಅಂದರೆ ಓದೋಕೆ ಬಂದವನೂ ಮೆಮೊರಿಗೆ ಬರೀತಾನೆ! ಆ ಎಣಿಕೆ ಇರುವ ಕ್ಯಾಶ್ ಲೈನ್‌ಗೆ ಒಂದು ಸಲಕ್ಕೆ ಒಂದು ಕೋರ್ ಮಾತ್ರ ಬರೆಯಬಹುದು. 64 ಕೋರ್ ಒಟ್ಟಿಗೆ ಓದೋಕೆ ಬಂದರೆ ಆ ಲೈನ್ ಕೋರಿನಿಂದ ಕೋರಿಗೆ ಓಡಾಡುತ್ತೆ. ಲೈಬ್ರರಿ ಒಳಗೆ ಸಾವಿರ ಕುರ್ಚಿ ಇದೆ, ಆದರೆ ಬಾಗಿಲಲ್ಲಿ ಸಹಿ ಮಾಡೋಕೆ ಇರೋದು ಒಂದೇ ರಿಜಿಸ್ಟರು. ಕ್ಯೂ ಎಲ್ಲಿ ಬೆಳೆಯುತ್ತೆ ಹೇಳಿ? ರಿಜಿಸ್ಟರ್ ಮುಂದೆ.

ಎಣಿಸದೆ ಓದೋದು: ಸೀಕ್‌ಲಾಕ್

ಮೊದಲ ಉಪಾಯ ಸೀಕ್‌ಲಾಕ್. ಬರೆಯುವವನು ಕೆಲಸ ಶುರು ಮಾಡುವಾಗ ಒಂದು ಸಂಖ್ಯೆಯನ್ನ ಏರಿಸ್ತಾನೆ, ಅದು ಬೆಸ ಆಗುತ್ತೆ. ಮುಗಿದ ಮೇಲೆ ಮತ್ತೆ ಏರಿಸ್ತಾನೆ, ಸಮ ಆಗುತ್ತೆ. ಓದುವವನು ಮೊದಲು ಆ ಸಂಖ್ಯೆ ನೋಡ್ತಾನೆ, ಮಾಹಿತಿ ಓದ್ತಾನೆ, ಮತ್ತೆ ಸಂಖ್ಯೆ ನೋಡ್ತಾನೆ. ಬೆಸ ಇದ್ದರೆ ಅಥವಾ ನಡುವೆ ಬದಲಾಗಿದ್ದರೆ ಓದಿದ್ದನ್ನ ಬಿಸಾಕಿ ಮತ್ತೆ ಓದ್ತಾನೆ. ಓದುವವನು ಏನೂ ಬರೆಯೋದಿಲ್ಲ.

ನಿಮ್ಮ ಪ್ರೋಗ್ರಾಮ್ "ಈಗ ಟೈಮ್ ಎಷ್ಟು" ಅಂತ ಕೇಳಿದಾಗಲೆಲ್ಲಾ ಈ ತಂತ್ರವೇ ನಡೆಯೋದು. ಗಡಿಯಾರದ ಮಾಹಿತಿ ಎರಡು ಮೂರು ಅಂಕಿ, ಮತ್ತೆ ಓದೋದು ಕಷ್ಟ ಅಲ್ಲ. ಆದರೆ ಪಾಯಿಂಟರ್ ಇರುವ ಲಿಸ್ಟ್‌ಗೆ ಇದೊಂದೇ ಸಾಲದು. "ಮತ್ತೆ ಓದು" ಅಂತ ಗೊತ್ತಾಗುವ ಮೊದಲೇ ಓದುವವನು ಫ್ರೀ ಆದ ಪಾಯಿಂಟರ್ ಹಿಂದೆ ಹೋಗಿ ಬಿದ್ದಿರ್ತಾನೆ.

ಆರ್‌ಸಿಯು: ಓದು, ನಕಲು ಮಾಡು, ಬದಲಿಸು

ಈಗ ಮುಖ್ಯ ವಿಷಯ. ರೀಡ್-ಕಾಪಿ-ಅಪ್‌ಡೇಟ್, ಚಿಕ್ಕದಾಗಿ ಆರ್‌ಸಿಯು. ಇದರಲ್ಲಿ ಬರೆಯುವವನು ಇರುವ ಮಾಹಿತಿಯನ್ನ ಮುಟ್ಟೋದೇ ಇಲ್ಲ. ಮೂರು ಹೆಜ್ಜೆ ಇಡ್ತಾನೆ.

ಒಂದು, ಹಳೆಯದರ ನಕಲು ತೆಗೆದು, ನಕಲಿನಲ್ಲಿ ಬದಲಾವಣೆ ಮಾಡ್ತಾನೆ. ಇದು ಹೊಸ ಮನೆ ಸಿದ್ಧ ಮಾಡೋದು. ಎರಡು, ಪಾಯಿಂಟರ್ ಅನ್ನ ಒಂದೇ ಏಟಿಗೆ ಹೊಸದರ ಕಡೆ ತಿರುಗಿಸ್ತಾನೆ. ಇದು ವಿಳಾಸ ಹಂಚೋದು. ಮೂರು, ಹಳೆಯ ಪಾಯಿಂಟರ್ ಹಿಡಿದವರೆಲ್ಲಾ ಮುಗಿಸುವ ತನಕ ಕಾದು, ಆಮೇಲೆ ಹಳೆಯದನ್ನ ಫ್ರೀ ಮಾಡ್ತಾನೆ. ಈ ಕಾಯುವ ಅವಧಿಗೆ ಗ್ರೇಸ್ ಪೀರಿಯಡ್ ಅಂತಾರೆ.

ಎರಡನೇ ಹೆಜ್ಜೆಯಲ್ಲಿ ಒಂದು ಎಚ್ಚರ ಬೇಕು. ಕಂಪೈಲರ್ರು, ಸಿಪಿಯು ಇಬ್ಬರೂ ನಾವು ಬರೆದ ಕ್ರಮ ಬದಲಾಯಿಸಬಹುದು. ಮನೆಗೆ ಬಾಗಿಲು ಇಡುವ ಮೊದಲೇ ವಿಳಾಸ ಹಂಚಿದ ಹಾಗೆ ಆಗಬಹುದು. ಅದಕ್ಕೇ ಸಾದಾ ಅಸೈನ್‌ಮೆಂಟ್ ಬದಲು ಆರ್‌ಸಿಯು ಅಸೈನ್ ಪಾಯಿಂಟರ್ ಅನ್ನೋ ಮ್ಯಾಕ್ರೊ ಬಳಸ್ತೀವಿ. ಓದುವ ಕಡೆ ಆರ್‌ಸಿಯು ಡಿರೆಫರೆನ್ಸ್.

ಈಗ ಚಮತ್ಕಾರ ಅನ್ನಿಸುವ ಪ್ರಶ್ನೆ. ಓದುವವರು ರಿಜಿಸ್ಟರ್‌ನಲ್ಲಿ ಸಹಿ ಮಾಡೋದಿಲ್ಲ ಅಂದ ಮೇಲೆ ಅವರು ಮುಗಿಸಿದ್ರು ಅಂತ ಗೊತ್ತಾಗೋದು ಹೇಗೆ?

ಉತ್ತರ ತುಂಬಾ ಸರಳ. ಆರ್‌ಸಿಯು ಮೂಲ ರೂಪದಲ್ಲಿ, ಓದುವ ಭಾಗದ ಒಳಗೆ ಇರುವಾಗ ನಿದ್ದೆ ಮಾಡುವ ಹಾಗಿಲ್ಲ, ಸಿಪಿಯು ಬಿಟ್ಟುಕೊಡುವ ಹಾಗಿಲ್ಲ ಅನ್ನೋದು ನಿಯಮ. ಹಾಗಾದರೆ ಒಂದು ಸಿಪಿಯು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಯ್ತು ಅಂದರೆ, ಅಂದರೆ ಕಾಂಟೆಕ್ಸ್ಟ್ ಸ್ವಿಚ್ ಆಯ್ತು ಅಂದರೆ, ಅದಕ್ಕೂ ಮೊದಲು ಅಲ್ಲಿ ಓದ್ತಾ ಇದ್ದವನು ಮುಗಿಸಿದ್ದಾನೆ ಅಂತಲೇ ಅರ್ಥ. ಎಲ್ಲಾ ಸಿಪಿಯುಗಳೂ ಒಂದೊಂದು ಸಲ ಹೀಗೆ ದಾಟಿದರೆ ಗ್ರೇಸ್ ಪೀರಿಯಡ್ ಮುಗೀತು. ಬೀದರಿನಿಂದ ಅವತ್ತು ನಾನು ವಿಳಾಸ ಹಾಕುವ ಮೊದಲು ಹೊರಟ ಬಸ್ಸುಗಳೆಲ್ಲಾ ಹೈದರಾಬಾದ್ ಮುಟ್ಟಿ ಖಾಲಿಯಾದವು ಅಂದರೆ, ಒಬ್ಬೊಬ್ಬ ಪ್ರಯಾಣಿಕರ ಹೆಸರು ಕೇಳೋದು ಬೇಡ ಅಲ್ವಾ?

ಹಾಗಾಗಿ, ಪ್ರೀಎಂಪ್ಶನ್ ಇಲ್ಲದ ಕರ್ನಲ್‌ನಲ್ಲಿ ಆರ್‌ಸಿಯು ರೀಡ್ ಲಾಕ್ ಅನ್ನೋದು ಸಿಪಿಯುಗೆ ಒಂದು ಇನ್‌ಸ್ಟ್ರಕ್ಷನ್ ಕೂಡ ಹುಟ್ಟಿಸಬೇಕಾಗಿಲ್ಲ. ಹೆಸರಲ್ಲಿ ಲಾಕ್ ಇದೆ, ಒಳಗೆ ಏನೂ ಇಲ್ಲ. ಖರ್ಚೆಲ್ಲಾ ಬರೆಯುವವನ ತಲೆ ಮೇಲೆ. ಬರೆಯುವವರು ಇಬ್ಬರು ಇದ್ದರೆ ಅವರ ನಡುವೆ ಮಾಮೂಲಿ ಲಾಕ್ ಬೇಕೇ ಬೇಕು, ಅದನ್ನ ಮರೀಬೇಡಿ.

ಇದರಲ್ಲಿ ಬೆಂಗಳೂರಿನ ಪಾಲು

ಪಾಲ್ ಮೆಕೆನ್ನಿ ಮತ್ತು ಜ್ಯಾಕ್ ಸ್ಲಿಂಗ್‌ವೈನ್ 1990ರ ದಶಕದ ಆರಂಭದಲ್ಲಿ ಸೀಕ್ವೆಂಟ್ ಕಂಪನಿಯ ಡೈನಿಕ್ಸ್ ಅನ್ನೋ ಯುನಿಕ್ಸ್‌ನಲ್ಲಿ ಇದನ್ನ ಬಳಸಿದರು. 1999ರಲ್ಲಿ ಐಬಿಎಂ ಸೀಕ್ವೆಂಟನ್ನ ಕೊಂಡುಕೊಂಡಿತು. ಲಿನಕ್ಸ್‌ಗೆ ಆರ್‌ಸಿಯು ತಂದ ಕೆಲಸದಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನ ದೊಡ್ಡ ಪಾಲಿದೆ. 2001ರಲ್ಲಿ ಒಟ್ಟಾವಾ ಲಿನಕ್ಸ್ ಸಿಂಪೋಸಿಯಮ್‌ನಲ್ಲಿ ಬಂದ ಪ್ರಬಂಧದ ಲೇಖಕರಲ್ಲಿ ದೀಪಾಂಕರ್ ಶರ್ಮಾ, ಮನೀಶ್ ಸೋನಿ ಹೆಸರುಗಳಿವೆ. 2002ರ ಅಕ್ಟೋಬರ್‌ನಲ್ಲಿ 2.5.43 ಕರ್ನಲ್‌ಗೆ ಆರ್‌ಸಿಯು ಸೇರಿತು. ಆ ಫೈಲಿನ ತಲೆಬರಹದಲ್ಲಿ ದೀಪಾಂಕರ್ ಶರ್ಮಾ ಹೆಸರು ಲೇಖಕರಾಗಿ ಇದೆ.

ಆಮೇಲೆ ಇವರು ಕೈ ಹಾಕಿದ ಜಾಗಗಳಲ್ಲಿ ಒಂದು ಡಿ-ಕ್ಯಾಶ್. ನೀವು ಒಂದು ಫೈಲ್ ತೆರೆದರೆ ಅದರ ಹಾದಿಯಲ್ಲಿರುವ ಪ್ರತಿ ಫೋಲ್ಡರ್ ಹೆಸರನ್ನೂ ಕರ್ನಲ್ ಅಲ್ಲಿ ಹುಡುಕುತ್ತೆ. ಮೊದಲು ಆ ಹುಡುಕಾಟಕ್ಕೆಲ್ಲಾ ಇಡೀ ಸಿಸ್ಟಮ್‌ಗೆ ಒಂದೇ ಲಾಕ್ ಇತ್ತು. ಹುಡುಕಾಟವನ್ನ ಆರ್‌ಸಿಯುಗೆ ತಂದು ಆ ಲಾಕಿನ ಹೊರೆ ಇಳಿಸಿದರು. 2011ರ ಮಾರ್ಚ್‌ನಲ್ಲಿ ಬಂದ 2.6.38ರಲ್ಲಿ ನಿಕ್ ಪಿಗ್ಗಿನ್ ಅದನ್ನ ಇನ್ನೂ ಮುಂದೆ ಒಯ್ದರು: ಸಾಮಾನ್ಯ ಸಂದರ್ಭದಲ್ಲಿ ಹಾದಿ ಹುಡುಕುವವನು ನಡುವಿನ ಯಾವ ಎಣಿಕೆಯನ್ನೂ ಮುಟ್ಟೋದಿಲ್ಲ.

ಕಥೆ ಅಲ್ಲಿಗೇ ಮುಗಿದಿಲ್ಲ. ಒಂದು ಪ್ರೋಸೆಸ್‌ನ ಮೆಮೊರಿ ನಕ್ಷೆಗೆಲ್ಲಾ ಎಂಎಂಎಪಿ ಲಾಕ್ ಅಂತ ಒಂದೇ ರೀಡರ್-ರೈಟರ್ ಲಾಕ್ ವರ್ಷಗಟ್ಟಲೆ ತಲೆನೋವಾಗಿತ್ತು. ನೂರು ಥ್ರೆಡ್ ಇರುವ ಆ್ಯಪ್‌ನಲ್ಲಿ ಒಂದು ಥ್ರೆಡ್ ಮೆಮೊರಿ ಕೇಳಿದರೆ ಉಳಿದವರ ಪೇಜ್ ಫಾಲ್ಟ್ ನಿಲ್ತಿತ್ತು. 2023ರಲ್ಲಿ 6.4 ಕರ್ನಲ್‌ನಲ್ಲಿ ಮೆಮೊರಿಯ ಒಂದೊಂದು ಭಾಗಕ್ಕೂ ಪ್ರತ್ಯೇಕ ಲಾಕ್ ಬಂತು. ಆ ಭಾಗವನ್ನ ಹುಡುಕೋದು ಇದೇ ಆರ್‌ಸಿಯು ನೆರಳಿನಲ್ಲಿ.

ನನ್ನ ತಪ್ಪು

ಈಗ ಸ್ವಲ್ಪ ಕಷ್ಟದ ಮಾತು. ಹಿಂದೆ ಒಂದು ಕಂಪನಿಯಲ್ಲಿ ನಾನು ನೆಟ್‌ವರ್ಕ್ ಡ್ರೈವರ್ ಟೀಮಿನಲ್ಲಿದ್ದೆ. ಪ್ಯಾಕೆಟ್ ಬಂದಾಗಲೆಲ್ಲಾ ನೋಡುವ ಒಂದು ಲಿಸ್ಟ್. ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗದ ಹುಡುಗಿಯೊಬ್ಬಳು ಅದರಿಂದ ಎಂಟ್ರಿ ತೆಗೆಯುವ ಕೋಡ್ ಬರೆದಳು. ಲಿಸ್ಟಿನಿಂದ ಬಿಡಿಸೋಕೆ ಆರ್‌ಸಿಯು ಫಂಕ್ಷನ್ನನ್ನೇ ಬಳಸಿದ್ದಳು, ಆದರೆ ಮುಂದಿನ ಸಾಲಿನಲ್ಲೇ ಸೀದಾ ಕೆಫ್ರೀ. ರಿವ್ಯೂ ಮಾಡಿ ಒಪ್ಪಿಗೆ ಕೊಟ್ಟವನು ನಾನು. ನಾಲ್ಕು ಕೋರಿನ ಟೆಸ್ಟ್ ಮೆಷಿನ್‌ನಲ್ಲಿ ವಾರಗಟ್ಟಲೆ ಓಡಿತು, ಏನೂ ಆಗಲಿಲ್ಲ.

ಗ್ರಾಹಕರ 64 ಕೋರಿನ ಮೆಷಿನ್‌ನಲ್ಲಿ ಕೆಲವು ದಿನಕ್ಕೊಮ್ಮೆ ಕರ್ನಲ್ ಪ್ಯಾನಿಕ್. ಒಂದು ಕೋರ್ ಎಂಟ್ರಿಯ ಪಾಯಿಂಟರ್ ಹಿಡಿದು ಪ್ಯಾಕೆಟ್ ನೋಡ್ತಾ ಇದೆ, ಇನ್ನೊಂದು ಕೋರ್ ಅದನ್ನ ಫ್ರೀ ಮಾಡಿದೆ, ಆ ಮೆಮೊರಿಯನ್ನ ಮೂರನೆಯವರು ಆಗಲೇ ತಗೊಂಡಿದ್ದಾರೆ. ಅಮ್ಮ ಬಾಗಿಲು ತಟ್ಟಿದಾಗ ಪೇಂಟರ್ ತೆಗೆದ ಹಾಗೆ. ಕ್ರ್ಯಾಶ್ ಡಂಪಿನಲ್ಲಿ ಕಾಣೋದು ಪೇಂಟರ್, ಬೀಗದ ಕೈ ಕೊಟ್ಟವನಲ್ಲ. ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಬೀಳ್ತಿತ್ತು. ಕೊನೆಗೆ ಕೆಸ್ಯಾನ್ ಹಾಕಿ ಬಿಲ್ಡ್ ಮಾಡಿ, ಲೋಡ್ ಕೊಟ್ಟಾಗ ಸಿಕ್ಕಿಬಿತ್ತು. ಕೆಫ್ರೀ ತೆಗೆದು ಕೆಫ್ರೀ ಆರ್‌ಸಿಯು ಹಾಕಿದ್ವಿ. ಒಂದೇ ಸಾಲು.

ಮೀಟಿಂಗಿನಲ್ಲಿ ಕಮಿಟ್ ತೋರಿಸಿದಾಗ ಪರದೆ ಮೇಲೆ ಅವಳ ಹೆಸರು ದೊಡ್ಡದಾಗಿತ್ತು. ಅದರ ಕೆಳಗೆ ರಿವ್ಯೂ ಮಾಡಿದ ನನ್ನ ಹೆಸರೂ ಇತ್ತು, ಯಾರೂ ಸ್ಕ್ರೋಲ್ ಮಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಮ್ಯಾನೇಜರ್ ಹತ್ತಿರ ಹೋಗಿ, ಅದು ಅನುಭವ ಇದ್ದ ನಾನು ಹಿಡಿಯಬೇಕಿದ್ದ ತಪ್ಪು ಅಂತ ಹೇಳೋಕೆ ನನಗೆ ಮೂರು ವಾರ ಬೇಕಾಯ್ತು. ಅಷ್ಟರಲ್ಲಿ ಆ ವರ್ಷದ ರೇಟಿಂಗ್ ಮುಗಿದಿತ್ತು. ಅವಳಿಗೂ ಹೇಳಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಸರ್" ಅಂದಳು. ಪರವಾಗಿಲ್ಲ ಅನ್ನೋ ಹಾಗೇನೂ ಇರಲಿಲ್ಲ, ಇಬ್ಬರಿಗೂ ಗೊತ್ತಿತ್ತು.

ಕೆಲಸಕ್ಕೆ ಬರುವ ನಾಲ್ಕು ಮಾತು

ಒಂದು: ಓದೋದು ಹೆಚ್ಚು, ಬರೆಯೋದು ಕಡಿಮೆ, ಕ್ಷಣ ಮಾತ್ರ ಹಳೆಯದು ಕಂಡರೂ ನಡೆಯುತ್ತೆ ಅನ್ನುವ ಕಡೆ ಮಾತ್ರ ಆರ್‌ಸಿಯು. ರೂಟಿಂಗ್ ಟೇಬಲ್‌ಗೆ ಸರಿ. ದೂರದಲ್ಲಿ ಕೇಬಲ್ ತುಂಡಾದ ಸುದ್ದಿ ನಿಮಗೆ ಮುಟ್ಟಿದ್ದೇ ತಡವಾಗಿ, ಇನ್ನೊಂದು ಚೂರು ತಡವಾದರೆ ಪ್ರಪಂಚ ಮುಳುಗಲ್ಲ. ಬ್ಯಾಂಕ್ ಬ್ಯಾಲೆನ್ಸ್‌ಗೆ ಬೇಡ.

ಎರಡು: ಓದುವ ಭಾಗದ ಒಳಗೆ ನಿದ್ದೆ ಮಾಡಬೇಡಿ. ಮಾಡಲೇಬೇಕು ಅಂದರೆ ಅದಕ್ಕೇ ಎಸ್‌ಆರ್‌ಸಿಯು ಅಂತ ಬೇರೆ ಇದೆ.

ಮೂರು: ಲಾಗ್‌ನಲ್ಲಿ ಆರ್‌ಸಿಯು ಸ್ಟಾಲ್ ಅಂತ ಕಂಡರೆ ಆರ್‌ಸಿಯುವನ್ನ ಬೈಯಬೇಡಿ. ಯಾವುದೋ ಸಿಪಿಯು ತುಂಬಾ ಹೊತ್ತಿನಿಂದ ದಾಟಿಲ್ಲ, ಗ್ರೇಸ್ ಪೀರಿಯಡ್ ಮುಗೀತಾ ಇಲ್ಲ ಅಂತ ಅದು ದೂರು ಕೊಡ್ತಾ ಇದೆ. ಡಿಫಾಲ್ಟ್ ಗಡುವು 21 ಸೆಕೆಂಡು. ಯಾವ ಲೂಪ್ ಸಿಪಿಯು ಬಿಡ್ತಿಲ್ಲ ಅಂತ ಹುಡುಕಿ.

ನಾಲ್ಕು: ರಿವ್ಯೂ ಮಾಡುವಾಗ ಫ್ರೀ ಕಂಡಲ್ಲೆಲ್ಲಾ ಒಂದೇ ಪ್ರಶ್ನೆ ಕೇಳಿ. ಇದನ್ನ ಹಿಡ್ಕೊಂಡು ಇನ್ನೂ ದಾರಿಯಲ್ಲಿ ಇರುವವರು ಯಾರಾದರೂ ಇದ್ದಾರಾ?

ಮೂರನೇ ಮನೆಗೆ ಹೋದಾಗ ಹಳೆ ಮನೆ ಬೀಗದ ಕೈಯನ್ನ ಹದಿನೈದು ದಿನ ನನ್ನ ಹತ್ತಿರವೇ ಇಟ್ಕೊಂಡಿದ್ದೆ. ಅರ್ಧ ತಿಂಗಳ ಬಾಡಿಗೆ ದಂಡ. ಅಮ್ಮ ಆ ಸಲ ಫೋನ್ ಮಾಡಿ, ಹೊಸ ವಿಳಾಸ ಬರ್ಕೊಂಡೇ ಬಂದ್ರು. ಮೆಮೊರಿ ಸ್ವಲ್ಪ ಹೊತ್ತು ವ್ಯರ್ಥ ಆಗುತ್ತೆ ಅನ್ನೋದು ಆರ್‌ಸಿಯು ಮೇಲೂ ಇರುವ ದೂರು. ಆ ದಂಡ ಕಟ್ಟಬಹುದು.

ಮುಂದಿನ ಸಲ ಹ್ಯಾಜರ್ಡ್ ಪಾಯಿಂಟರ್ ಬಗ್ಗೆ ಮಾತಾಡೋಣ. ಅಲ್ಲಿ ಓದುವವನು ಸಹಿ ಮಾಡ್ತಾನೆ, ಆದರೆ ತನ್ನದೇ ರಿಜಿಸ್ಟರಿನಲ್ಲಿ.